ಏಳು ಮೀಟರ್ ಉದ್ದದ ಮನೆ ಓಡಿಸಿಕೊಂಡು ಯಾರ್ಕ್‌ಶೈರ್, ಲೇಕ್ ಡಿಸ್ಟ್ರಿಕ್ಟ್

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲೆಂಡಿನಲ್ಲಿ ದುಡ್ಡು ಉಳಿಸಬೇಕು ಅಂತ, ಒಳಗೇ ಮನೆ ಇರುವ ಗಾಡಿ ಅಂದರೆ ಮೋಟಾರ್‌ಹೋಮ್ ಬಾಡಿಗೆಗೆ ತಗೊಳ್ಳಬೇಡಿ. ಬಾಡಿಗೆ, ಡೀಸೆಲ್, ರಾತ್ರಿ ನಿಲ್ಲಿಸುವ ಜಾಗದ ಬಾಬ್ತು ಎಲ್ಲ ಕೂಡಿಸಿದರೆ ನಮಗೇನೂ ಕಡಿಮೆ ಆಗಲಿಲ್ಲ. ಕಾರು, ಸಾಧಾರಣ ಹೋಟೆಲು ಅಂತ ಹೋಗಿದ್ದರೂ ಅಷ್ಟೇ ಆಗುತ್ತಿತ್ತು. ನಮ್ಮ ಕಾರಣ ಬೇರೆ. ಅತ್ತೆಗೆ ಎಪ್ಪತ್ತು ವರ್ಷ, ತೀರ್ಥಹಳ್ಳಿಯವರು. ಹೊರಗಿನ ಊಟ ಎರಡು ದಿನಕ್ಕಿಂತ ಜಾಸ್ತಿ ಒಗ್ಗುವುದಿಲ್ಲ. ಒಲೆ, ಹಾಸಿಗೆ, ಬಚ್ಚಲು ಮೂರೂ ಜೊತೆಗೇ ಇದ್ದರೆ ಅವರೂ ಬರುತ್ತಾರೆ ಅಂತ ಈ ಗಾಡಿ ಹಿಡಿದೆವು.

ಹೋದದ್ದು ಜೂನ್‌ನಲ್ಲಿ, ಎಂಟು ದಿನ. ಮ್ಯಾಂಚೆಸ್ಟರ್ ಹತ್ತಿರ ಗಾಡಿ ತಗೊಂಡು ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ (ಕಣಿವೆಗಳ ಸೀಮೆ) ಮೂರು ರಾತ್ರಿ, ಲೇಕ್ ಡಿಸ್ಟ್ರಿಕ್ಟ್‌ನಲ್ಲಿ (ಸರೋವರ, ಬೆಟ್ಟಗಳ ಸೀಮೆ) ನಾಲ್ಕು ರಾತ್ರಿ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿ ಶಾಲೆಗಳಿಗೆ ರಜೆ. ಆಗ ಜಾಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಓಡಿಸಿದ್ದು ನಾನು. ನಮ್ಮ ಮನೆಯವರ ಕೈಯಲ್ಲಿ ನಕ್ಷೆ. ಪ್ರವಾಸಕ್ಕೆ ಹೋದವರು ನಮ್ಮ ಭಾರತದ ಲೈಸೆನ್ಸ್ ಇಟ್ಟುಕೊಂಡೇ ಅಲ್ಲಿ 12 ತಿಂಗಳವರೆಗೆ ಓಡಿಸಬಹುದು. ಕಾರಿನ ಲೈಸೆನ್ಸಿಗೆ ತುಂಬಿದ ತೂಕ 3.5 ಟನ್ ಒಳಗಿನ ಗಾಡಿಯನ್ನೇ ಕೇಳಿ. ಬಾಡಿಗೆ ಕೊಡುವವರು ತಮ್ಮದೇ ನಿಯಮ ಇಟ್ಟಿರುತ್ತಾರೆ. ವಯಸ್ಸು, ಎಷ್ಟು ವರ್ಷದ ಅನುಭವ, ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕಾ, ಎಲ್ಲ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ವಿಮೆ ಕಾಗದವನ್ನೂ ಓದಿ. ನಮ್ಮ ಕರಾರಿನಲ್ಲಿ ಚಾವಣಿಗೆ ಆದ ಪೆಟ್ಟು ವಿಮೆಗೆ ಸೇರಿರಲಿಲ್ಲ. ಅದು ಗೊತ್ತಾದ ಮೇಲೆ ನಾನು ಪ್ರತಿ ಸೇತುವೆಯನ್ನೂ ಅನುಮಾನದಿಂದ ನೋಡತೊಡಗಿದೆ.

ನಮ್ಮಂತೆಯೇ ರಸ್ತೆಯ ಎಡಗಡೆ ಓಡಿಸುವುದರಿಂದ ಅರ್ಧ ಭಯ ಹೋಗುತ್ತದೆ. ರೌಂಡಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಎಲ್ಲರೂ ನಿಜವಾಗಿಯೂ ಬಿಡುತ್ತಾರೆ! ತೊಂದರೆ ಇರುವುದು ಗಾಡಿಯ ಅಳತೆಯಲ್ಲಿ. ನಮ್ಮದು 7 ಮೀಟರ್ ಉದ್ದ, 2.9 ಮೀಟರ್ ಎತ್ತರ. ಅಂದರೆ 9 ಅಡಿ 6 ಅಂಗುಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿಕೊಳ್ಳಿ, ತಗ್ಗು ಸೇತುವೆ ಎದುರಿಗೆ ಬಂದಾಗ ಲೆಕ್ಕ ಹಾಕಲು ಸಮಯ ಇರುವುದಿಲ್ಲ. ಎಷ್ಟೋ ಕಾರ್ ಪಾರ್ಕಿಂಗ್‌ಗಳ ಬಾಗಿಲಲ್ಲಿ ಎರಡು ಮೀಟರ್ ಎತ್ತರಕ್ಕೇ ಅಡ್ಡ ಕಂಬಿ ಹಾಕಿರುತ್ತಾರೆ. ಒಳಗೆ ಜಾಗ ಖಾಲಿ ಇದ್ದರೂ ನಮಗಿಲ್ಲ.

ಫೋನಿನ ನಕ್ಷೆಗೆ ನಮ್ಮ ಗಾಡಿ ಕಾರೋ ಲಾರಿಯೋ ಗೊತ್ತಿಲ್ಲ. ಎರಡನೇ ದಿನ ಮ್ಯಾಲಮ್ ಅನ್ನುವ ಹಳ್ಳಿಗೆ ಹೋಗುವಾಗ ನಾಲ್ಕು ನಿಮಿಷ ಉಳಿಯುತ್ತದೆ ಅಂತ ಒಂದು ಓಣಿಗೆ ತಿರುಗಿಸಿತು. ಎರಡೂ ಕಡೆ ಗಾರೆ ಇಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಡೇಲ್ಸ್ ತುಂಬ ಈ ಗೋಡೆಗಳೇ, ದೂರದಿಂದ ನೋಡಲು ಬಲು ಚಂದ. ಕನ್ನಡಿಯಿಂದ ಒಂದು ಗೇಣು ದೂರದಲ್ಲಿದ್ದಾಗ ಅಷ್ಟು ಚಂದ ಕಾಣುವುದಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂತು. ನಮ್ಮ ಮನೆಯವರು ಇಳಿದು ಹಿಂದೆ ಓಡಿ, "ಬಾ, ಬಾ, ಇನ್ನೂ ಬಾ" ಅನ್ನುತ್ತಾ ಕೈ ಆಡಿಸಿದರು. ಆ ರೈತ ಎರಡು ನಿಮಿಷ ನಮ್ಮನ್ನು ನೋಡಿ, ಸುಮ್ನೆ ತಾನೇ ಟ್ರ್ಯಾಕ್ಟರನ್ನು ಹಿಂದಕ್ಕೆ ತಗೊಂಡ. ಅವತ್ತಿನಿಂದ ‘ಎ’ ಅಂತ ನಂಬರಿರುವ ಅಗಲವಾದ ಮುಖ್ಯ ರಸ್ತೆಗಳನ್ನು ಬಿಟ್ಟು ಇಳಿಯಲಿಲ್ಲ. ನಾವು ರಾತ್ರಿ ಗಾಡಿ ನಿಲ್ಲಿಸುವ ಜಾಗದವರು (ಅಲ್ಲಿ ಅದಕ್ಕೆ ಸೈಟ್ ಅನ್ನುತ್ತಾರೆ) ಯಾವ ಕಡೆಯಿಂದ ಬನ್ನಿ ಅಂತ ಬರೆದು ಕಳಿಸಿದ್ದರೆ ಅದನ್ನೇ ನಂಬಿದೆವು. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್ ಘಾಟಿಯ ಹತ್ತಿರವಂತೂ ಹೋಗಲೇಬೇಡಿ. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ರಸ್ತೆ ಅದು.

ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಜಮೀನಿನ ಯಜಮಾನರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿನಲ್ಲಿ ಡೇರೆ ಹಾಕಲು ಕಾನೂನು ಸಡಿಲ, ಆದರೆ ಆ ಸಡಿಲಿಕೆ ಮೋಟಾರು ಗಾಡಿಗಿಲ್ಲ. ಹಾಗಾಗಿ ಸೈಟ್ ಬುಕ್ ಮಾಡಲೇಬೇಕು. ಕ್ಯಾರವಾನ್ ಅಂಡ್ ಮೋಟಾರ್‌ಹೋಮ್ ಕ್ಲಬ್, ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್, ಇವೆರಡರ ಸೈಟುಗಳು ದೇಶದ ತುಂಬ ಇವೆ. ಮೊದಲ ಕ್ಲಬ್ಬಿನ ಸದಸ್ಯರಾದರೆ ಐದೇ ಗಾಡಿ ನಿಲ್ಲುವ ಪುಟ್ಟ ಜಾಗಗಳೂ ಸಿಗುತ್ತವೆ, ಹೆಚ್ಚಿನವು ಯಾರದೋ ಹೊಲದ ಮೂಲೆಯಲ್ಲಿ. ನಮಗೆ ಹಿಡಿಸಿದ್ದು ಅವೇ. ಬೆಳಿಗ್ಗೆ ಬಾಗಿಲು ತೆಗೆದರೆ ಕುರಿಗಳು. ಆದರೆ ಅಲ್ಲಿ ಎಲ್ಲ ಕಡೆ ಸ್ನಾನದ ಮನೆ ಇರುವುದಿಲ್ಲ, ನೋಡಿ ಬುಕ್ ಮಾಡಿ.

ಬುಕ್ ಮಾಡುವಾಗ ಹುಲ್ಲಿನ ಜಾಗ ಬೇಡ, ಜಲ್ಲಿ ಹಾಕಿದ ಜಾಗ ಕೇಳಿ. ಹುಲ್ಲು ಕೆಲವು ಪೌಂಡ್ ಕಡಿಮೆ ಅಂತ ನಾವು ಒಮ್ಮೆ ಆಸೆಪಟ್ಟೆವು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಮುಂದಿನ ಚಕ್ರ ತಿರುಗಿದಲ್ಲೇ ತಿರುಗಿ ಹೂತುಹೋಯಿತು. ಸೈಟಿನವರೇ ಹಗ್ಗ ಕಟ್ಟಿ ಎಳೆದರು.

ಇನ್ನು ಕರೆಂಟು. ಸೈಟಿನ ಕಂಬಕ್ಕೆ ನೀಲಿ ಪ್ಲಗ್ಗಿನ ವೈರ್ ಸಿಕ್ಕಿಸುತ್ತೀರಿ. ಸಾಮಾನ್ಯವಾಗಿ 16 ಆಂಪಿಯರ್, ಕೆಲವು ಕಡೆ 10 ಮಾತ್ರ. 10 ಅಂದರೆ 2,300 ವ್ಯಾಟ್. ಹೀಟರ್ ಹಾಕಿಕೊಂಡು ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಕಾಫಿಗೆ ನೀರಿಟ್ಟರೆ ಕತ್ತಲೆ. ಕಡಿಮೆ ವ್ಯಾಟಿನ ಕೆಟಲ್ ಕೊಳ್ಳಿ, ಇಲ್ಲವೇ ಗ್ಯಾಸಿನಲ್ಲೇ ಕಾಯಿಸಿ.

ಕಕ್ಕಸಿನ ವಿಷಯ ಯಾರೂ ಬರೆಯುವುದಿಲ್ಲ, ಆದರೆ ಎಲ್ಲರಿಗೂ ಬೇಕಾದದ್ದು ಅದೇ. ಕೆಳಗೆ ಸುಮಾರು 18 ಲೀಟರಿನ ಒಂದು ಡಬ್ಬಿ ಇರುತ್ತದೆ. ಹೊರಗಿನಿಂದ ಎಳೆದು ತೆಗೆದು, ಸೈಟಿನಲ್ಲಿ ಅದಕ್ಕೇ ಇರುವ ಜಾಗದಲ್ಲಿ ಸುರಿದು, ತೊಳೆದು, ಔಷಧಿ ಹಾಕಿ ಮತ್ತೆ ಕೂರಿಸಬೇಕು. ಮೂರು ಜನಕ್ಕೆ ಎರಡು ದಿನಕ್ಕೊಮ್ಮೆ. ಈ ಕೆಲಸ ಯಾರದು ಅಂತ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಮ್ಮಲ್ಲಿ ಓಡಿಸುವವರು ಮಾಡುವಂತಿಲ್ಲ ಅಂತ ನಾನು ಮ್ಯಾಂಚೆಸ್ಟರ್‌ನಲ್ಲೇ ಕಾನೂನು ಮಾಡಿದ್ದೆ. ನೀರಿನ ತೊಟ್ಟಿ ನೂರು ಲೀಟರ್. ಬಕೆಟ್ ತುಂಬ ಸುರಿದುಕೊಳ್ಳುವ ಅಭ್ಯಾಸ ಇರುವವರಿಗೆ ಸಾಲದು. ಸೈಟಿನ ಬಚ್ಚಲುಮನೆಗಳಲ್ಲಿ ಬಿಸಿನೀರು ಧಾರಾಳವಾಗಿ ಬರುತ್ತಿತ್ತು, ಅಲ್ಲೇ ಹೋಗುತ್ತಿದ್ದೆವು.

ಅಕ್ಕಿ, ಬೇಳೆ, ತರಕಾರಿ ಮ್ಯಾಂಚೆಸ್ಟರ್‌ನಲ್ಲೇ ತುಂಬಿಕೊಂಡೆವು. ಹಳ್ಳಿ ಅಂಗಡಿಯಲ್ಲಿ ತೊಗರಿಬೇಳೆ ಹುಡುಕಬೇಡಿ. ಊರಿನಿಂದ ಚಟ್ನಿಪುಡಿ, ಸಾರಿನ ಪುಡಿ ಒಯ್ದಿದ್ದೆವು. ತುಪ್ಪ, ಹಾಲಿನ ಸಿಹಿ ಒಯ್ಯುವಂತಿಲ್ಲ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಆರೇ ಗಂಟೆ ತೆರೆದಿರುತ್ತವೆ, ಅದೂ ನೆನಪಿರಲಿ. ಒಗ್ಗರಣೆ ಹಾಕುವಾಗ ಕಿಟಕಿ, ಚಾವಣಿಯ ಗಾಳಿಕಿಂಡಿ ಎರಡೂ ತೆಗೆದಿಡಿ. ಇಲ್ಲದಿದ್ದರೆ ಹೊಗೆಯ ಅಲಾರಂ ಹೊಡೆದುಕೊಂಡು ಅಕ್ಕಪಕ್ಕದ ಗಾಡಿಯವರೆಲ್ಲ ಇಣುಕುತ್ತಾರೆ.

ಒಂದು ಸಂಜೆ ಮಾತ್ರ ಪಬ್ಬಿನಲ್ಲಿ ಊಟ ಮಾಡೋಣ ಅಂತ ಹೊರಟೆವು. ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತೂ ಮುಕ್ಕಾಲಿಗೆ. ಬೆಳಕು ನಂಬಿ ಸುತ್ತಿ, ಒಂಬತ್ತೂಕಾಲಿಗೆ ಹೋದರೆ ಅಡುಗೆಮನೆ ಮುಚ್ಚಿತ್ತು. ಅವತ್ತೂ ಚಿತ್ರಾನ್ನವೇ.

ನೋಡುವುದು ಏನು ಅಂತ ಉದ್ದ ಪಟ್ಟಿ ಕೊಡುವುದಿಲ್ಲ. ಡೇಲ್ಸ್‌ನಲ್ಲಿ ರಿಬಲ್‌ಹೆಡ್ ರೈಲು ಸೇತುವೆ ಬಿಡಬೇಡಿ, 1870ರ ದಶಕದ್ದು, 24 ಕಮಾನು, ಸುತ್ತ ಬಯಲು ಬಿಟ್ಟರೆ ಏನೂ ಇಲ್ಲ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ನಾಲ್ಕೂ ರಾತ್ರಿ ಕೆಸ್ವಿಕ್ ಹತ್ತಿರ ಒಂದೇ ಜಾಗದಲ್ಲಿ ನಿಂತೆವು. ಇಡೀ ಪ್ರವಾಸದಲ್ಲಿ ನಾವು ಮಾಡಿದ ಜಾಣ ಕೆಲಸ ಇದೊಂದೇ. ಪ್ರತಿದಿನ ಗಾಡಿ ಹೊರಡಿಸುವುದು ಅಂದರೆ ವೈರ್ ಸುತ್ತು, ಗ್ಯಾಸ್ ಮುಚ್ಚು, ಪಾತ್ರೆ ಕಟ್ಟಿಡು, ಮುಕ್ಕಾಲು ಗಂಟೆ. ಗಾಡಿಯನ್ನು ಅಲ್ಲೇ ಬಿಟ್ಟು 555 ನಂಬರಿನ ಬಸ್ಸು ಹತ್ತಿದೆವು. ಅದು ಗ್ರಾಸ್ಮಿಯರ್, ಆಂಬಲ್‌ಸೈಡ್, ವಿಂಡರ್‌ಮಿಯರ್ ಮೂರನ್ನೂ ಮುಟ್ಟುತ್ತದೆ. ಒಂದು ಕಡೆಗೆ 3 ಪೌಂಡ್. ನಾನೂ ಕಿಟಕಿಯಿಂದ ಹೊರಗೆ ನೋಡಿದ್ದು ಆವತ್ತೇ.

ಮಳೆ ಬಂದೇ ಬರುತ್ತದೆ. ಕೆಸ್ವಿಕ್‌ನಿಂದ ಸ್ವಲ್ಪ ದೂರದ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನವಸತಿ ಇರುವ ಊರುಗಳಲ್ಲೆಲ್ಲ ಜಾಸ್ತಿ ಮಳೆ ಬೀಳುವ ಜಾಗ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ. ಆಗುಂಬೆಯ ಅರ್ಧದಷ್ಟೂ ಇಲ್ಲ ಅಂತ ಅತ್ತೆ ನಕ್ಕರು. ಎರಡು ದಿನ ಬಿಡದೆ ಜಿನುಗಿದ ಮೇಲೆ, "ಎಂಥ ಮಳೆ ಮಾರಾಯ್ತಿ ಇದು, ಒಮ್ಮೆ ಹೊಯ್ದು ಮುಗಿಸಬಾರದಾ?" ಅಂದರು. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ತಲೆಗೂ ಸೇರಿದ ಮಳೆಕೋಟು ಬೇಕು, ಒದ್ದೆ ಶೂ ಬಿಡಲು ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಟಬ್ ಬೇಕು.

ಗಾಡಿ ವಾಪಸ್ ಕೊಡುವಾಗ ಡೀಸೆಲ್ ತುಂಬಿಸಿ. ಕಪ್ಪು ಹಿಡಿಕೆಯ ಪಂಪು ಡೀಸೆಲ್, ಹಸಿರು ಪೆಟ್ರೋಲ್. ಕೊಳೆ ನೀರು, ಕಕ್ಕಸಿನ ಡಬ್ಬಿ ಎರಡೂ ಖಾಲಿ ಇರಬೇಕು, ಇಲ್ಲದಿದ್ದರೆ ದಂಡ. ತಗೊಳ್ಳುವಾಗಲೇ ಒಳಗೂ ಹೊರಗೂ ವಿಡಿಯೋ ಮಾಡಿಟ್ಟುಕೊಂಡಿದ್ದೆವು, ಒಂದು ಹಳೆಯ ಗೀರಿಗೆ ಅದನ್ನು ತೋರಿಸಿ ಪಾರಾದೆವು. ಪರೀಕ್ಷೆ ಮಾಡಿದ ಹುಡುಗ ಕೊನೆಗೆ ಒಲೆಯ ಸಂದಿಯಿಂದ ಏನೋ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಇದೇನು ಅಂತ ಕೇಳಿದ. ನಾಲ್ಕು ಸಾಸಿವೆ ಕಾಳು.