ಇಜಿಆರ್ ವಾಲ್ವ್ ತಪಾಸಣೆ: 1248 ಸಿಸಿ ಡೀಸೆಲ್ ಗಾಡಿ, ಇಲ್ಲಿವರೆಗಿನ ಕೆಲಸ

ಇಜಿಆರ್ ವಾಲ್ವ್ ಅಂದರೆ ಸುಟ್ಟ ಗಾಳಿಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್. ಕುವೆಂಪುನಗರ, ಹೆಬ್ಬಾಳ ಕೈಗಾರಿಕಾ ಪ್ರದೇಶ ಅಂತ ಮೈಸೂರಿನೊಳಗೇ ಓಡುವ ಗಾಡಿ. ಎಸಿ ಹಾಕಿದರೆ ಐಡ್ಲಿಂಗ್‌ನಲ್ಲಿ ನಡುಕ, ಪಿಕಪ್ ಕೊಟ್ಟರೆ ಕಪ್ಪು ಹೊಗೆ, ಚೆಕ್ ಎಂಜಿನ್ ಲೈಟ್. ಕೋಡ್ ಪಿ0404: ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೇಳಿದ ಜಾಗಕ್ಕೆ ವಾಲ್ವ್ ಹೋಗುತ್ತಿಲ್ಲ ಎಂದರ್ಥ.

ಈ ಕೋಡ್ ನೋಡಿದ ಕೂಡಲೇ ಹೊಸ ವಾಲ್ವ್ ತರಿಸುವುದು ದುಡ್ಡು ದಂಡ. ಸ್ಪ್ಯಾನರ್ ಹಿಡಿಯುವ ಮುಂಚೆ ಎಂಜಿನ್ ಎಷ್ಟು ಗಾಳಿ ಎಳೆಯಬೇಕು ಅಂತ ಲೆಕ್ಕ ಹಾಕಬೇಕು. 850 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ 8.8 ಲೀಟರ್ ಜಾಗ ಬಿಟ್ಟುಕೊಡುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) 92ರಿಂದ 93 ಕಿಲೋಪಾಸ್ಕಲ್ ತೋರಿಸಬೇಕು. ಸಮುದ್ರಮಟ್ಟದ 101 ಇಲ್ಲ ಅಂತ ಸೆನ್ಸರ್ ಬದಲಾಯಿಸಲು ಹೋಗಬೇಡಿ. ಈ ಒತ್ತಡದಲ್ಲಿ, ಸಿಲಿಂಡರ್ ಶೇ. 85 ತುಂಬುತ್ತದೆ ಅಂತ ಹಿಡಿದರೆ, ಇಜಿಆರ್ ಪೂರ್ತಿ ಮುಚ್ಚಿದಾಗ ಎಂಎಎಫ್ (ಒಳಗೆ ಹೋಗುವ ತಾಜಾ ಗಾಳಿ ಅಳೆಯುವ ಸೆನ್ಸರ್) ರೀಡಿಂಗ್ ಸೆಕೆಂಡಿಗೆ ಸುಮಾರು 8 ಗ್ರಾಂ ಬರಬೇಕು.

ಸ್ಕ್ಯಾನರ್‌ನಿಂದ ಇಜಿಆರ್ ಸೊನ್ನೆಗೆ ಇಳಿಸಿದರೂ ಬಂದದ್ದು 4.6. ಅಂದರೆ ತಾಜಾ ಗಾಳಿಯ ಜಾಗದಲ್ಲಿ ಸುಟ್ಟ ಗಾಳಿ ಕೂತಿದೆ, ಇಲ್ಲವೇ ಎಂಎಎಫ್ ಸುಳ್ಳು ಹೇಳುತ್ತಿದೆ. ಕೊಳೆ ಹಿಡಿದ ಎಂಎಎಫ್ ಕೂಡ ಕಡಿಮೆಯೇ ತೋರಿಸುವುದರಿಂದ ಇವೆರಡನ್ನೂ ಬೇರ್ಪಡಿಸಲೇಬೇಕು. ತಣ್ಣಗಿನ ಎಂಜಿನ್‌ನಲ್ಲಿ ವಾಲ್ವ್ ಮತ್ತು ಪೈಪಿನ ನಡುವೆ 1 ಮಿ.ಮೀ. ಉಕ್ಕಿನ ತಗಡು ಇಟ್ಟು ಬೋಲ್ಟ್ ಬಿಗಿದು ಸ್ಟಾರ್ಟ್ ಮಾಡಿದಾಗ ರೀಡಿಂಗ್ 7.8ಕ್ಕೆ ಏರಿತು. ಎಂಎಎಫ್ ಸರಿ ಇದೆ, ವಾಲ್ವ್ ಮುಚ್ಚುತ್ತಿಲ್ಲ. ರೀಡಿಂಗ್ ಏರದೇ ಇದ್ದಿದ್ದರೆ ಎಂಎಎಫ್ ಮತ್ತು ಅದರಿಂದ ಟರ್ಬೋವರೆಗಿನ ಹೋಸ್ ನೋಡಬೇಕಾಗಿತ್ತು. ತಗಡು ಪರೀಕ್ಷೆಗೆ ಮಾತ್ರ. ಹಾಗೇ ಬಿಟ್ಟು ಓಡಿಸಿದರೆ ಉರಿಯುವ ಶಾಖ ಏರಿ ನೈಟ್ರೋಜನ್ ಆಕ್ಸೈಡ್ ಹೆಚ್ಚಾಗುತ್ತದೆ, ಊರಿನ ಗಾಳಿಗೆ ಅದು ವಿಷ.

ವೈರಿಂಗ್ ಸರಿ: 5 ವೋಲ್ಟ್ ಬರುತ್ತಿದೆ, ಅರ್ತ್ ಗಟ್ಟಿ ಇದೆ.

ವಾಲ್ವ್ ಬಿಚ್ಚಿದರೆ ಸೀಟಿನ ಸುತ್ತ ಹೊಳೆಯುವ, ಅಂಟಂಟು ಕಪ್ಪು ಪದರ. ಬರೀ ಮಸಿಯಾಗಿದ್ದರೆ ಒಣ ಪುಡಿ ಸಿಗುತ್ತಿತ್ತು. ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಆವಿ ಸೇರಿದ್ದರಿಂದ ಡಾಂಬರಿನಂತಾಗಿದೆ. ಮೋಟರ್ ಭಾಗ ಮೇಲೆ ಬರುವಂತೆ ಹಿಡಿದು ಕಾರ್ಬ್ ಕ್ಲೀನರ್ ಹೊಡೆದು, ಹತ್ತು ನಿಮಿಷ ನೆನೆಸಿ, ನೈಲಾನ್ ಬ್ರಷ್‌ನಲ್ಲಿ ಉಜ್ಜಬೇಕು. ಸ್ಕ್ರೂಡ್ರೈವರ್ ತೂರಿಸಿ ವಾಲ್ವ್ ಮೀಟಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯುತ್ತದೆ, ಆಮೇಲೆ ನಿಜವಾಗಿಯೂ ಹೊಸ ವಾಲ್ವೇ ಗತಿ. ಎರಡೂ ಕಡೆ ಪ್ಯಾಕಿಂಗ್ ಹೊಸದು ಹಾಕಿ, ಕೋಡ್ ಅಳಿಸಿ, ಸ್ಕ್ಯಾನರ್‌ನಲ್ಲಿ ವಾಲ್ವಿನ ಸ್ಥಾನ ಮರುಕಲಿಸಿದ್ದಾಯಿತು.

ಈಗ ಇಜಿಆರ್ ಸೊನ್ನೆಯಲ್ಲಿ 7.9 ಗ್ರಾಂ, ತೆರೆದಾಗ ಇಳಿಯುತ್ತದೆ, ಮುಚ್ಚಿದಾಗ ತಡವಿಲ್ಲದೆ ಏರುತ್ತದೆ. ಲೋಡ್ ಪರೀಕ್ಷೆಗೆ ಚಾಮುಂಡಿ ಬೆಟ್ಟದ ರಸ್ತೆಗಿಂತ ಒಳ್ಳೆ ಜಾಗ ಇಲ್ಲ. ಏರಿನಲ್ಲಿ ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಇಸಿಯು ಇಜಿಆರ್ ಮುಚ್ಚಿತು, ವಾಲ್ವ್ ಅದರ ಮಾತು ಕೇಳಿತು, ಕಪ್ಪು ಹೊಗೆ ಇಲ್ಲ.

ಬಾಕಿ: ಇಜಿಆರ್ ಕೂಲರ್ (ಸುಟ್ಟ ಗಾಳಿಯನ್ನು ಕೂಲಂಟ್‌ನಿಂದ ತಣಿಸುವ ಭಾಗ). ರಿಸರ್ವಾಯರ್‌ನಲ್ಲಿ ಕೂಲಂಟ್ ಸ್ವಲ್ಪ ಇಳಿದಿದೆ, ಹೊರಗೆಲ್ಲೂ ಸೋರಿಕೆ ಕಾಣುತ್ತಿಲ್ಲ. ಮುಂದಿನ ಕೆಲಸ ಕೂಲರ್ ಬಿಚ್ಚಿ, ಒಂದು ಬಾಯಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ 1 ಬಾರ್ ಗಾಳಿ ಕೊಟ್ಟು ಗುಳ್ಳೆ ನೋಡುವುದು.