ಘರ್ಷಣೆಯ ಲೆಕ್ಕಕ್ಕೆ ಮೊದಲು ಚಿತ್ರ ಬರೆಯಿರಿ

ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವಾಗ ನಾನು ಪಟ್ಟು ಹಿಡಿಯುವುದು ಒಂದು ವಿಷಯಕ್ಕೆ: ಬಲಗಳ ಚಿತ್ರ ಬರೆಯದೆ ಘರ್ಷಣೆಯ ಸೂತ್ರವನ್ನು ಮುಟ್ಟಬಾರದು. ಪ್ರಶ್ನೆಯಲ್ಲಿ ಘರ್ಷಣಾ ಗುಣಾಂಕ (ಎರಡು ಮೇಲ್ಮೈಗಳ ನಡುವಿನ ಘರ್ಷಣೆ ಎಷ್ಟು ಪ್ರಬಲ ಎಂದು ತಿಳಿಸುವ ಸಂಖ್ಯೆ) ಕಂಡ ಕೂಡಲೇ ಅದನ್ನು ವಸ್ತುವಿನ ತೂಕದಿಂದ ಗುಣಿಸಿಬಿಡುವ ಅಭ್ಯಾಸ ಹಲವರಿಗಿದೆ. ಆದರೆ ಗುಣಿಸಬೇಕಾದದ್ದು ತೂಕದಿಂದಲ್ಲ, ನೆಲವು ವಸ್ತುವಿನ ಮೇಲೆ ಹಾಕುವ ಲಂಬ ಬಲದಿಂದ. ಹಾಗೆ ಗುಣಿಸಿ ಬಂದದ್ದೂ ಸ್ಥಿತ ಘರ್ಷಣೆ, ಅಂದರೆ ವಸ್ತು ಇನ್ನೂ ಕದಲದೆ ಇರುವಾಗಿನ ಘರ್ಷಣೆ, ಮುಟ್ಟಬಹುದಾದ ಗರಿಷ್ಠ ಮಿತಿಯೇ ಹೊರತು ಆ ಕ್ಷಣದ ಘರ್ಷಣೆಯೇ ಆಗಿರಬೇಕೆಂದಿಲ್ಲ.

ಸಮತಟ್ಟಾದ ನೆಲದ ಮೇಲೆ 50 ಕಿಲೋಗ್ರಾಂನ ಪೆಟ್ಟಿಗೆಯೊಂದಿದೆ, ಸ್ಥಿತ ಘರ್ಷಣಾ ಗುಣಾಂಕ 0.4 ಎಂದಿಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ತೂಕ 500 ನ್ಯೂಟನ್. ಅದಕ್ಕೆ ಹಗ್ಗ ಕಟ್ಟಿ, ನೆಲದಿಂದ 30 ಡಿಗ್ರಿ ಮೇಲಕ್ಕೆ, 100 ನ್ಯೂಟನ್ ಬಲದಿಂದ ಎಳೆಯುತ್ತೇವೆ. ಈಗ ನೆಲವನ್ನೂ ಹಗ್ಗವನ್ನೂ ಬಿಟ್ಟು ಪೆಟ್ಟಿಗೆಯನ್ನು ಮಾತ್ರ ಒಂದು ಚುಕ್ಕೆಯಾಗಿ ಬರೆದು, ಅದರ ಮೇಲೆ ಬೀಳುವ ಬಲಗಳಿಗೆಲ್ಲ ಬಾಣ ಹಾಕಬೇಕು: ಕೆಳಕ್ಕೆ ತೂಕ, ಮೇಲಕ್ಕೆ ಲಂಬ ಬಲ, ಓರೆಯಾಗಿ ಹಗ್ಗದ ಸೆಳೆತ, ಹಿಂದಕ್ಕೆ ಘರ್ಷಣೆ. ಸೆಳೆತವನ್ನು ಎರಡು ಘಟಕಗಳಾಗಿ ಒಡೆದಾಗ ಮೇಲ್ಮುಖವಾಗಿ 50 ನ್ಯೂಟನ್, ಅಡ್ಡಲಾಗಿ ಸುಮಾರು 87 ನ್ಯೂಟನ್ ಸಿಗುತ್ತದೆ. ಹಗ್ಗವೇ 50 ನ್ಯೂಟನ್ ಹೊರುತ್ತಿರುವುದರಿಂದ ಲಂಬ ಬಲ 450ಕ್ಕೆ ಇಳಿದು, ಘರ್ಷಣೆಯ ಮಿತಿ 180 ಆಗುತ್ತದೆ. 87 ಈ ಮಿತಿಯೊಳಗೇ ಇರುವುದರಿಂದ ಪೆಟ್ಟಿಗೆ ಅಲುಗದು, ಮತ್ತು ಘರ್ಷಣೆ 87 ನ್ಯೂಟನ್ ಅಷ್ಟೇ. ತೂಕದಿಂದ ಗುಣಿಸಿದರೆ ಬರುವ 200 ಅಲ್ಲ, 180 ಕೂಡ ಅಲ್ಲ. ಬಾಣಗಳು ಕಣ್ಣೆದುರಿಗಿದ್ದರೆ ಇದು ತಾನಾಗಿಯೇ ಹೊಳೆಯುತ್ತದೆ.

ಇದೇ ಚಿತ್ರದಲ್ಲಿ ಹಗ್ಗದ ಬಾಣವನ್ನು ತೆಗೆದು, ಹಿಂದಿನಿಂದ ಅದೇ 30 ಡಿಗ್ರಿಯಲ್ಲಿ ಕೆಳಮುಖವಾಗಿ ತಳ್ಳುವ ಬಾಣ ಬರೆದರೆ, ಲಂಬ ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಎಳೆದು ಕದಲಿಸಲು ಸುಮಾರು 188 ನ್ಯೂಟನ್ ಸಾಕಿದ್ದರೆ, ತಳ್ಳಿ ಕದಲಿಸಲು ಸುಮಾರು 300 ನ್ಯೂಟನ್ ಬೇಕು. ನನಗೆ ಅತ್ಯಂತ ಪ್ರಿಯವಾದ ಭಾಗ ಇದರ ಮುಂದಿನದು. ತಳ್ಳುವ ಕೋನವನ್ನು ಹೆಚ್ಚಿಸುತ್ತ ಹೋದಂತೆ ಮುಂದಕ್ಕೆ ನೂಕುವ ಘಟಕ ಕುಗ್ಗಿ, ನೆಲಕ್ಕೆ ಒತ್ತುವ ಘಟಕ ಬೆಳೆಯುತ್ತದೆ. ಸುಮಾರು 68 ಡಿಗ್ರಿ ದಾಟಿದ ಮೇಲೆ ಬಲ ಹೆಚ್ಚಿಸಿದಂತೆ ಮುಂದಕ್ಕೆ ನೂಕುವ ಘಟಕಕ್ಕಿಂತ ವೇಗವಾಗಿ ಘರ್ಷಣೆಯ ಮಿತಿಯೇ ಏರುವುದರಿಂದ, ಎಷ್ಟೇ ಬಲ ಹಾಕಿದರೂ ಆ ಪೆಟ್ಟಿಗೆ ಜಾರುವುದಿಲ್ಲ.