ಕಂದು ಬಣ್ಣದ ಕಪ್ಪು ಕರಡಿ

ಮೇ ತಿಂಗಳ ನಡುವೆ ಮೂರು ದಿನ ಕರಡಿ ಬೇಟೆಗೆ ಹೋಗಿದ್ದೆ. ಕೋವಿ ಹಿಡಿದದ್ದು ನಾನಲ್ಲ. ಇಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಮಿಸೌಲಾದಲ್ಲಿ ನಮ್ಮ ಪಕ್ಕದ ಮನೆಯ ದಂಪತಿ ಪ್ರತಿ ವಸಂತದಲ್ಲೂ ಬೆಟ್ಟಕ್ಕೆ ಹೋಗುತ್ತಾರೆ. ಇಬ್ಬರಿಗೂ ಅರವತ್ತು ದಾಟಿದೆ. ಈ ಸಲ "ನೀನೂ ಬಾ, ಸುಮ್ನೆ ಕೂತು ನೋಡು" ಎಂದು ಕರೆದರು. ಬೇಟೆ ಎಂದರೆ ನನಗೆ ಮುಜುಗರ. ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವಳು ನಾನು. ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧ ಎಂದೇ ಕೇಳಿ ಬೆಳೆದಿದ್ದೇನೆ. ಆದರೂ ಹೋದೆ, ಯಾಕೆಂದರೆ ಅವರಿಬ್ಬರನ್ನು ನಾನು ಚೆನ್ನಾಗಿ ಬಲ್ಲೆ. ಪ್ರಾಣಿಯ ಬಗ್ಗೆ ಅಸಡ್ಡೆ ಇರುವ ಜನ ಅಲ್ಲ ಅವರು.

ಹೊರಡುವ ಮೊದಲೇ ಒಂದು ವಿಷಯ ಗೊತ್ತಾಯಿತು. ಮೊಂಟಾನಾದಲ್ಲಿ ಕಪ್ಪು ಕರಡಿ ಬೇಟೆಯ ಪರವಾನಗಿ ಬೇಕಾದರೆ ಕರಡಿ ಗುರುತಿಸುವ ಪರೀಕ್ಷೆಯೊಂದನ್ನು ಪಾಸಾಗಬೇಕು. ಫೋಟೋ ತೋರಿಸಿ ಇದು ಕಪ್ಪು ಕರಡಿಯೋ, ಗ್ರಿಜ್ಲಿ ಎಂಬ ಇನ್ನೊಂದು ಜಾತಿಯ ಕರಡಿಯೋ ಎಂದು ಕೇಳುತ್ತಾರೆ. ಗ್ರಿಜ್ಲಿಗೆ ಇಲ್ಲಿ 1975ರಿಂದ ಕಾನೂನಿನ ರಕ್ಷಣೆ ಇದೆ. ಅದನ್ನು ಕೊಂದರೆ 50,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ವಿಧಿಸಬಹುದು. ಇದರಲ್ಲೇನು ಕಷ್ಟ, ಕಪ್ಪಗಿದ್ದರೆ ಕಪ್ಪು ಕರಡಿ ಅಲ್ವಾ ಎಂದುಕೊಂಡಿದ್ದೆ. ಅಲ್ಲ. ಇಲ್ಲಿನ ಕಪ್ಪು ಕರಡಿ ಕಂದು, ದಾಲ್ಚಿನ್ನಿ ಬಣ್ಣ, ಕೆಲವೊಮ್ಮೆ ಒಣ ಹುಲ್ಲಿನ ಬಣ್ಣದಲ್ಲೂ ಇರುತ್ತದೆ. ಗ್ರಿಜ್ಲಿ ಕಪ್ಪಗೆ ಕಾಣುವುದೂ ಉಂಟು. ಬಣ್ಣ ನಂಬಬೇಡ, ಗಾತ್ರವನ್ನಂತೂ ನಂಬಲೇಬೇಡ ಎಂದರು. ನೋಡಬೇಕಾದ್ದು ಭುಜದ ಮೇಲಿನ ಗೂನು, ಕಿವಿ, ಮುಖದ ಗೆರೆ, ಉಗುರು. ಗ್ರಿಜ್ಲಿಗೆ ಗೂನು ಇರುತ್ತದೆ. ಕಿವಿ ಚಿಕ್ಕದು, ದುಂಡಗೆ. ಹಣೆಯಿಂದ ಮೂಗಿನವರೆಗೆ ಮುಖ ತಟ್ಟೆಯಂತೆ ಒಳಗೆ ಬಾಗಿರುತ್ತದೆ. ಕಪ್ಪು ಕರಡಿಯ ಮುಖ ನೇರ, ಕಿವಿ ಎದ್ದು ಕಾಣುತ್ತವೆ.

ಹೋದದ್ದು ಸ್ವಾನ್ ಕಣಿವೆಗೆ. ಮಿಸೌಲಾದಿಂದ ಸೀಲಿ ಲೇಕ್ ದಾಟಿ 83ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಬೇಕು. ಪಶ್ಚಿಮಕ್ಕೆ ಮಿಷನ್ ಬೆಟ್ಟಗಳು, ಪೂರ್ವಕ್ಕೆ ಸ್ವಾನ್ ಸಾಲು. ಮೇನಲ್ಲೂ ಮೇಲೆಲ್ಲ ಹಿಮ. ಕೆಳಗೆ ಲಾರ್ಚ್ ಮರಗಳು ಆಗಷ್ಟೇ ಚಿಗುರಿದ್ದವು. ಚಳಿಗಾಲದಲ್ಲಿ ಸೂಜಿಯೆಲೆಗಳನ್ನೆಲ್ಲ ಉದುರಿಸಿ ಬೋಳಾಗುವ ಮರ ಅದು. ಎಳೆ ಚಿಗುರನ್ನು ಮುಟ್ಟಿದರೆ ರೇಷ್ಮೆಯಷ್ಟು ಮೆತ್ತಗೆ. ಮರ ಸಾಗಿಸಲು ಹಿಂದೆ ಮಾಡಿದ ರಸ್ತೆಗಳಿಗೆ ಈಗ ಗೇಟು ಹಾಕಿದ್ದಾರೆ. ವಾಹನ ಹೋಗುವಂತಿಲ್ಲ, ನಡೆದು ಹೋಗಬಹುದು. ಆ ರಸ್ತೆಗಳಲ್ಲಿ ಕ್ಲೋವರ್ ಸೊಪ್ಪು ಹುಲುಸಾಗಿ ಬೆಳೆದಿರುತ್ತದೆ. ಚಳಿಗಾಲದ ನಿದ್ದೆಯಿಂದ ಎದ್ದ ಕರಡಿಗಳು ಮೊದಲು ಹುಡುಕಿ ಬರುವುದು ಹಸಿರನ್ನೇ. ಇಷ್ಟು ದೊಡ್ಡ ಪ್ರಾಣಿ ದನದ ಹಾಗೆ ಹುಲ್ಲು ಮೇಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬೇಟೆ ಎಂದರೆ ಓಡಾಟ ಎಂದುಕೊಂಡಿದ್ದವಳಿಗೆ ಸಿಕ್ಕಿದ್ದು ಕೂರುವ ಕೆಲಸ. ಒಂದು ಬಂಡೆಯ ಮೇಲೆ ಕೂತು ಎದುರಿನ ಇಳಿಜಾರನ್ನು ಬೈನಾಕ್ಯುಲರ್‌ನಲ್ಲಿ ಅಂಗುಲ ಅಂಗುಲ ನೋಡುವುದು. ಗಂಟೆಗಟ್ಟಲೆ. ಕರಡಿಗೆ ಆಹಾರ ಇಟ್ಟು ಕರೆಯುವುದು ಈ ರಾಜ್ಯದಲ್ಲಿ ನಿಷಿದ್ಧ, ಹಾಗಾಗಿ ಕಾಯುವುದೇ ದಾರಿ. ನನ್ನ ಸೊಂಟದಲ್ಲೂ ಕರಡಿಗೆ ಎರಚುವ ಖಾರದ ಸ್ಪ್ರೇ ಕಟ್ಟಿದ್ದರು. ಕಾಯುವಾಗ ಮೆಲ್ಲಗೆ ಮಾತು. ಕರಡಿ ಸಿಕ್ಕರೆ ಮುಂದೇನು ಎಂದು ಕೇಳಿದೆ. 48 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು. ಅವರು ಒಂದು ಪುಟ್ಟ ಹಲ್ಲನ್ನು ತೆಗೆದುಕೊಂಡು ಅದರೊಳಗಿನ ಉಂಗುರಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಮಾಂಸವನ್ನು 74 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸಲೇಬೇಕು. ಅದರಲ್ಲಿ ಟ್ರೈಕಿನೆಲ್ಲಾ ಎಂಬ ಹುಳು ಇರಬಹುದು, ಇಲ್ಲಿನ ಕೆಲವು ಜಾತಿಗಳು ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ಕೊಬ್ಬು ಕಾಯಿಸಿ ವರ್ಷವಿಡೀ ಅಡುಗೆಗೆ ಬಳಸುತ್ತಾರಂತೆ. ಕೋವಿ, ತೋಟಾಗಳ ಮೇಲಿನ ತೆರಿಗೆ 1937ರ ಕಾನೂನಿನ ಪ್ರಕಾರ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ ಎಂದೂ ಹೇಳಿದರು. ಇದನ್ನೆಲ್ಲ ಕೇಳಿದ ಮೇಲೂ ನನ್ನ ಮುಜುಗರ ಪೂರ್ತಿ ಹೋಗಲಿಲ್ಲ. ಹೋಗಬೇಕು ಎಂದು ಅವರೂ ಒತ್ತಾಯಿಸಲಿಲ್ಲ.

ಎರಡನೇ ದಿನ ಸಂಜೆ ಎಂಟರ ಹೊತ್ತಿಗೆ ಗಂಡನ ಕಣ್ಣಿಗೆ ಕರಡಿ ಬಿತ್ತು. ಮೇಲಿನ ಹಳೇ ರಸ್ತೆಯಲ್ಲಿ ಒಂದು ಕಂದು ಗುಡ್ಡೆ. ಈ ಸಲದ ಈಡು ಹೆಂಡತಿಯದು ಎಂದು ಮನೆಯಲ್ಲೇ ತೀರ್ಮಾನವಾಗಿತ್ತು. ಆದರೆ ಇಬ್ಬರೂ ಜಾಗ ಬಿಟ್ಟು ಏಳಲಿಲ್ಲ. ಹೆಣ್ಣು ಕರಡಿಯಾಗಿ ಮರಿಗಳು ಜೊತೆಗಿದ್ದರೆ ಹೊಡೆಯುವಂತಿಲ್ಲ. ಮರಿ ಪೊದೆಯಲ್ಲೋ ಮರದ ಮೇಲೋ ಇರಬಹುದು. ಅರ್ಧ ಗಂಟೆ ಬರೀ ಮರಿಗಾಗಿ ಹುಡುಕಿದರು. ಕಾಣಲಿಲ್ಲ. ಆಮೇಲೆ ಕೆಳಗಿನಿಂದ ಹತ್ತತೊಡಗಿದೆವು. ಸಂಜೆ ತಂಪಾದಂತೆ ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ, ಕೆಳಗಿನಿಂದ ಹೋದರೆ ನಮ್ಮ ವಾಸನೆ ಅದಕ್ಕೆ ಸಿಗುವುದಿಲ್ಲ.

ಇನ್ನೂರು ಗಜ ದೂರದಲ್ಲಿ ನಿಂತೆವು. ಆಕೆ ಮಲಗಿ ಕೋವಿಯನ್ನು ಚೀಲದ ಮೇಲೆ ಇಟ್ಟರು. ಕರಡಿ ನಮಗೆ ಅರ್ಧ ಬೆನ್ನು ಹಾಕಿ ತಲೆ ತಗ್ಗಿಸಿ ಮೇಯುತ್ತಿತ್ತು. ಸೂರ್ಯ ಮಿಷನ್ ಬೆಟ್ಟಗಳ ಹಿಂದೆ ಹೋಗಿಯಾಗಿತ್ತು. ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರ ಗುಂಡು ಹಾರಿಸುವಂತಿಲ್ಲ.

"ಕಪ್ಪು ಕರಡಿಯೇ. ಹೊಡಿ" ಎಂದರು ಗಂಡ, ಪಿಸುಮಾತಿನಲ್ಲಿ.

"ಭುಜ ಎತ್ತರ ಕಾಣ್ತಿದೆ."

"ತಲೆ ಬಗ್ಗಿಸಿದಾಗ ಎಲ್ಲಾ ಕರಡಿಗೂ ಹಾಗೇ ಕಾಣುತ್ತೆ."

"ಹಾಗಾದ್ರೆ ತಲೆ ಎತ್ತಲಿ."

ಅದು ತಲೆ ಎತ್ತಿತು, ಆದರೆ ಒಂದು ಪೊದೆಯ ಹಿಂದೆ. ಕಿವಿ ಕಂಡಿತು, ಮುಖ ಕಾಣಲಿಲ್ಲ. ಗಂಡ ಇನ್ನೊಮ್ಮೆ ಹೇಳಿದರು, ಈ ಸಲ ಸ್ವಲ್ಪ ಬಿಗಿಯಾಗಿ. ನಲವತ್ತು ವರ್ಷದಿಂದ ಕರಡಿ ನೋಡಿದವರು ಅವರು. ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದಕ್ಕೆ ಕೇಳಿಬಿಡುತ್ತದೇನೋ ಅನಿಸಿತು. ಹೊಡೆಯಲಿ ಎಂದು ನಾನು ಬಯಸಿದೆನೋ ಬೇಡ ಎಂದೋ ಈಗಲೂ ಹೇಳಲಾರೆ. ಆಕೆ ಗಡಿಯಾರ ನೋಡಿದರು. ಕೋವಿಯ ಬೋಲ್ಟ್ ಹಿಂದಕ್ಕೆಳೆದು ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಕರಡಿ ಅವಸರವಿಲ್ಲದೆ ರಸ್ತೆಯ ತಿರುವು ದಾಟಿ ಕಾಡಿಗೆ ಇಳಿಯಿತು.

ಕ್ಯಾಂಪಿಗೆ ವಾಪಸಾಗುವಾಗ ಗಂಡ ಹೆಂಡತಿ ಮಾತಾಡಲಿಲ್ಲ. ಊಟದ ಸಾಮಾನನ್ನೆಲ್ಲ ಟ್ರಕ್ಕಿನೊಳಗೆ ಇಟ್ಟು ಬೀಗ ಹಾಕಿ ಮಲಗಿದೆವು.

ಬೆಳಗ್ಗೆ ಅದೇ ಜಾಗಕ್ಕೆ ಹೋದೆವು. ರಸ್ತೆಯ ತಿರುವಿನಲ್ಲಿ ಹಿಮ ಕರಗಿ ಕೆಸರಾಗಿತ್ತು. ಅಲ್ಲಿ ಮುಂಗಾಲಿನ ಒಂದು ಹೆಜ್ಜೆ, ಅಚ್ಚೊತ್ತಿದ ಹಾಗೆ. ಆಕೆ ಮಂಡಿಯೂರಿ ಒಂದು ಕಡ್ಡಿ ಎತ್ತಿಕೊಂಡರು. ದೊಡ್ಡ ಬೆರಳಿನ ಬುಡದಿಂದ ಅಂಗಾಲಿನ ಮುಂದಿನ ಅಂಚನ್ನು ಸವರಿಕೊಂಡು ಒಂದು ನೇರ ಗೆರೆ ಎಳೆಯಬೇಕು. (ಕರಡಿಗೆ ದೊಡ್ಡ ಬೆರಳು ಹೊರಗಡೆ ಇರುತ್ತದೆ, ನಮ್ಮ ಕಾಲಿಗೆ ಉಲ್ಟಾ.) ಚಿಕ್ಕ ಬೆರಳು ಗೆರೆಗಿಂತ ಮೇಲಿದ್ದರೆ ಗ್ರಿಜ್ಲಿ, ಕೆಳಗೆ ಇಳಿದರೆ ಕಪ್ಪು ಕರಡಿ. ಕಡ್ಡಿಯನ್ನು ಹೆಜ್ಜೆಯ ಮೇಲೆ ಅಡ್ಡ ಹಿಡಿದರು. ಚಿಕ್ಕ ಬೆರಳು ಪೂರ್ತಿ ಕೆಳಗಿತ್ತು. ಉಗುರಿನ ಗುರುತೂ ಬೆರಳಿಗೆ ಅಂಟಿಕೊಂಡಂತೆ ಹತ್ತಿರ. ಗ್ರಿಜ್ಲಿಯದಾದರೆ ಉದ್ದನೆಯ ಉಗುರು ದೂರದಲ್ಲಿ ಊರಿರುತ್ತಿತ್ತು.

ಕಪ್ಪು ಕರಡಿಯೇ. ಗಂಡ ಹೇಳಿದ್ದೇ ಸರಿ.

ನನಗೆ ಆಕೆಯ ಮುಖ ನೋಡಲು ಕಷ್ಟವಾಯಿತು. ಆದರೆ ಆಕೆಯ ಮುಖದಲ್ಲಿ ಬೇಸರವೇ ಇರಲಿಲ್ಲ. "ನಿನ್ನೆ ನನಗೆ ಗೊತ್ತಿರಲಿಲ್ಲವಲ್ಲ" ಎಂದರು. ಸಮಜಾಯಿಷಿಯ ದನಿ ಅಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ದನಿ. ಗಂಡ ಸ್ವಲ್ಪ ಹೊತ್ತು ಹೆಜ್ಜೆಯನ್ನೇ ನೋಡುತ್ತಾ ನಿಂತರು. ಆಮೇಲೆ ಫ್ಲಾಸ್ಕ್ ತೆಗೆದು ಮೊದಲ ಲೋಟ ಕಾಫಿಯನ್ನು ಆಕೆಗೆ ಕೊಟ್ಟರು.

ನಾನು ಆ ಕಡ್ಡಿಯನ್ನು ಇಸಿದುಕೊಂಡು ಇನ್ನೊಮ್ಮೆ ಹಿಡಿದು ನೋಡಿದೆ. ಬೇಟೆಯ ಋತು ಮುಗಿಯಲು ಇನ್ನೂ ದಿನಗಳಿದ್ದವು. ಮೂವರೂ ಮತ್ತೆ ಅದೇ ಬಂಡೆಯ ಮೇಲೆ ಹೋಗಿ ಕೂತೆವು. ಆಕೆ ಬೈನಾಕ್ಯುಲರ್ ಅನ್ನು ನನ್ನ ಕೈಗೆ ಕೊಟ್ಟು, "ಎಡಗಡೆಯ ಇಳಿಜಾರು ನಿನ್ನದು" ಎಂದರು.